ಊರಿನವರ ದರ

ಓರ್ನೋಪಿರೇನ್ ಕಟ್ಟೆಯಲ್ಲಿ ಬೆಳಗಿನ ಐದಕ್ಕೇ ಸಾಲು.
ಅಲ್ಲಿಗೆ ರಸ್ತೆ ಮುಗಿಯುತ್ತದೆ. ಮುಗಿಯುತ್ತದೆ ಅಂದರೆ
ದಣಿದ ಎತ್ತಿನ ಹಾಗೆ, ಯಾರ ಮಾತೂ ಕೇಳದೆ
ನೀರಿಗೆ ಇಳಿದುಬಿಡುತ್ತದೆ.

ನನ್ನ ಲಾರಿಯಲ್ಲಿ ನೂರಿಪ್ಪತ್ತು ಕಟ್ಟು ಒಣಹುಲ್ಲು,
ಎರಡು ಹಳೇ ಬಾಗಿಲು, ಯಾರದೋ ಹೊಲಿಗೆಯಂತ್ರ.
ಹದಿನೇಳು ವರ್ಷದಿಂದ ಇದೇ ದಾರಿ:
ಒಂದು ಬಾರ್ಜು, ಹತ್ತು ಕಿಲೋಮೀಟರು ಕಲ್ಲುಹಾದಿ, ಮತ್ತೊಂದು ಬಾರ್ಜು.

ಟಿಕೆಟ್ ಕಿಂಡಿಯಲ್ಲಿ ನನ್ನ ಮುಂದೊಬ್ಬ ಮುದುಕಿ,
ಒಳಗಿನ ಹುಡುಗನ ಜೊತೆ ಚೌಕಾಸಿ.
"ಊರಿನವನೇ ಕಣಪ್ಪಾ, ಅಲ್ಲೇ ಹುಟ್ಟಿದವನು.
ಊರಿನವರ ದರ ಹಾಕು."
"ಅವರ ಗುರುತಿನ ಚೀಟಿ? ಸಹಿ?"
"ಚೀಟಿ ಇದೆ. ಸಹಿ ಇಲ್ಲ."
ಚಿಲ್ಲರೆ ಕಾಸಿಗೆ ಇಷ್ಟು ಹೊತ್ತೇ ಅಂದುಕೊಂಡೆ.
ಹಿಂದಿನವರೂ ಅಂದುಕೊಂಡರು, ಸ್ವಲ್ಪ ಜೋರಾಗಿ.

ಮೊದಲ ಬಾರ್ಜಿನಲ್ಲಿ ನಿದ್ದೆ.
ನಡುವೆ ಎಚ್ಚರಾದಾಗ ಕಿಟಕಿಯ ತುಂಬ ಹಸಿರು ಬಂಡೆ,
ಅದರ ನೆತ್ತಿಯಿಂದ ನೂಲಿನಷ್ಟು ನೀರು.
ಮೋಡ ಸಮುದ್ರದ ಮೇಲೆ ಮೊಣಕೈಯೂರಿ ಕೂತಿತ್ತು,
ಬಾಕಿ ಕೇಳಲು ಬಂದವನಂತೆ.

ಲೆಪ್ಟೆಪು. ಹಲಗೆ ಇಳಿಯಿತು.
ಇನ್ನು ಆ ಹತ್ತು ಕಿಲೋಮೀಟರು. ಅಲ್ಲಿ ಯಾರೂ
ಯಾರನ್ನೂ ಹಿಂದೆ ಹಾಕುವುದಿಲ್ಲ. ಮೊದಲು ಹೋದವನೂ
ಆ ತುದಿಯಲ್ಲಿ ಕಾಯಲೇಬೇಕು;
ಕೊನೆಯವನು ಹತ್ತುವ ತನಕ ಹಗ್ಗ ಬಿಚ್ಚುವುದಿಲ್ಲ.
ಇದೆಲ್ಲ ತಲೆಗೆ ಗೊತ್ತು. ಕೈಗೆ ಗೊತ್ತಿಲ್ಲ.

ಮುಂದೆ ಮುದುಕಿಯ ನೀಲಿ ಪಿಕಪ್, ಟಾರ್ಪಾಲು ಬಿಗಿದದ್ದು,
ಪ್ರತಿ ಗುಂಡಿಗೂ ನಿಂತು, ಯೋಚಿಸಿ,
ಒಂದೊಂದೇ ಚಕ್ರ ಇಳಿಸುತ್ತ.
ಕೊಡೆಯಗಲದ ನಾಲ್ಕಾ ಎಲೆಗಳ ಮೇಲೆ ನಮ್ಮ ಧೂಳು.
ಹಾರ್ನ್ ಹೊಡೆದೆ. ತುಸು ಮುಂದೆ ಇನ್ನೊಂದು.
ಮರದ ಸೇತುವೆಯ ಹತ್ತಿರ ಉದ್ದಕ್ಕೊಂದು.
ಕನ್ನಡಿಯಲ್ಲಿ ಮೂವತ್ತು ಗಾಡಿ, ಒಂದರ ಬೆನ್ನಿಗೊಂದು,
ಗ್ಯಾಸಿನ ಲಾರಿ, ಕುರಿಯ ಲಾರಿ, ಸೈಕಲ್ಲು ಹೊತ್ತ ಪ್ರವಾಸಿಗಳು,
ದೀಪ ಹಾಕಿಕೊಂಡು.

ಎರಡನೆಯ ಬಾರ್ಜಿನ ಮೇಲೆ ಗಾಳಿ
ಟಾರ್ಪಾಲಿನ ಒಂದು ಮೂಲೆ ಎತ್ತಿತು.
ಸೈಪ್ರಸ್ ಮರದ ಪೆಟ್ಟಿಗೆ. ಹೊಸದು. ಹಿಡಿಕೆಗೆ ಹಗ್ಗ.
ಯಾರೋ ರೇಡಿಯೊ ಆರಿಸಿದರು.

ಹೆಸರು ಎರ್ಸೀರಾ ನಾವೆಲ್ಕಿನ್.
ಪೆಟ್ಟಿಗೆಯಲ್ಲಿದ್ದವನು ಬೆಲಾರ್ಮೀನೋ.
ಬೆಟ್ಟ ಬೂದಿ ಉಗುಳಿದ ವರ್ಷ ಚೈತೇನ್ ಬಿಟ್ಟವರು.
ಕೋಳಿಗಳನ್ನು ಬಿಟ್ಟು ಬನ್ನಿ ಅಂದಿದ್ದರಂತೆ ಮಿಲಿಟರಿಯವರು.
ಎಲ್ಲೆಲ್ಲೋ ಬಾಡಿಗೆ ಮನೆ, ಕೊನೆಗೆ ಆಸ್ಪತ್ರೆ,
ಎಲ್ಲ ಕಡೆಯೂ ಅವನ ಬಾಯಲ್ಲಿ ಅದೇ ಲೆಕ್ಕ:
ಹನ್ನೊಂದು ಕೋಳಿ. ಅದರಲ್ಲಿ ಒಂದು ಕುಂಟು.

ಟೋಪಿ ಕೈಯಲ್ಲಿ ಹಿಡಿದು ಹೋದೆ.
"ಆ ಹಾರ್ನ್..." ಅಂದೆ. ಮುಂದಕ್ಕೆ ಬರಲಿಲ್ಲ.
"ನೀನೇನಾ?" ಅಂದಳು.
"ಮಗನಿಗೆ ಹೇಳ್ತಾ ಇದ್ದೆ, ದಾರಿಯಲ್ಲಿ
ಗಂಟೆ ಬಾರಿಸೋರು ಒಬ್ಬರೂ ಇಲ್ಲವಲ್ಲೋ ಅಂತ.
ಅಷ್ಟರಲ್ಲಿ ನೀನು ಶುರು ಮಾಡಿದೆ."
ನಕ್ಕಳೋ, ಗಾಳಿಗೆ ಕಣ್ಣು ಕಿರಿದಾದವೋ.

ಆಮೇಲೆ ಕೈಚೀಲ ತೆರೆದು
ಕರವಸ್ತ್ರದೊಳಗಿಂದ ಟಿಕೆಟ್ಟು ತೆಗೆದು ತೋರಿಸಿದಳು,
ಸಂತೆಯಲ್ಲಿ ಗೆದ್ದು ಬಂದವಳ ಹಾಗೆ:
"ನೋಡು. ಗಾಡಿ ಒಂದು. ಪ್ರಯಾಣಿಕರು ಮೂರು.
ಸಾಮಾನು ಅಂತ ಬರೆಯೋಕೆ ಹೊರಟಿದ್ದ, ಬಿಡಲಿಲ್ಲ ನಾನು.
ಮೂರಕ್ಕೂ ಊರಿನವರ ದರ."

ಕಲೇತಾ ಗೊನ್ಸಾಲೋದಲ್ಲಿ ಮತ್ತೆ ಹಲಗೆ, ಮತ್ತೆ ನೆಲ.
ಇಲ್ಲಿಂದ ದಾರಿ ಮುಂದೆ ಎಲ್ಲೂ ನೀರಿಗೆ ಕಾಯಿಸುವುದಿಲ್ಲ.
ಕತ್ತಲಾಗುವ ಮೊದಲು ಹುಲ್ಲು ಮುಟ್ಟಿಸಬೇಕಿತ್ತು.
ಎರಡನೆಯ ತಿರುವಿನಲ್ಲಿ ಮಗ ಕಿಟಕಿಯಿಂದ ಕೈ ಚಾಚಿ
ಹೋಗು, ಹೋಗು ಅಂದ.

ಹಿಂದೆ ಹಾಕುವಾಗ
ಹೊಡೆಯಲೋ ಬೇಡವೋ ಎಂದು
ಹೆಬ್ಬೆರಳು ಬಹಳ ಹೊತ್ತು ಹಾರ್ನಿನ ಮೇಲೇ ಇತ್ತು.

ಹೊಡೆದೆ. ಸಣ್ಣಗೆ.